ಒಡೆಯದ ಮೊಟ್ಟೆಯನ್ನು ಒಡೆದು ನೋಡುವ ಕೆಲಸ

ನಾನು ಮೊಟ್ಟೆ ತಿನ್ನುವವಳಲ್ಲ. ಇವತ್ತಿನವರೆಗೂ ನಾಲಗೆಗೆ ಮುಟ್ಟಿಸಿಲ್ಲ. ಆದರೆ ಮೂವತ್ತಮೂರು ವರ್ಷ ನಾನು ಉಂಡದ್ದು ಮೊಟ್ಟೆ ಕೊಟ್ಟ ಅನ್ನವನ್ನೇ. ಹಾಸನದ ಹತ್ತಿರದ ಒಂದು ಕೋಳಿ ಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸುವ ವಿಭಾಗಕ್ಕೆ ಸೇರಿ, ಅಲ್ಲಿಂದಲೇ ಹಾರ ಹಾಕಿಸಿಕೊಂಡು ಮನೆಗೆ ಬಂದವಳು ನಾನು. ನಮ್ಮದು ಮೊಸಳೆ ಎಂಬ ಊರಿನ ಕಡೆಯ ಅರ್ಚಕರ ಮನೆ. ಕೆಲಸದ ಆದೇಶ ಬಂದ ದಿನ ಅಪ್ಪ ಕಾಗದವನ್ನು ಎರಡು ಸಲ ಓದಿ ಮಡಚಿಟ್ಟರು. ಅಮ್ಮನೇ ಇತ್ಯರ್ಥ ಮಾಡಿದ್ದು: "ಕೆಲಸ ಸರ್ಕಾರದ್ದು ಕಣೇ, ಸ್ನಾನ ನಮ್ಮದು. ಸಾಯಂಕಾಲ ಹಿತ್ತಲ ಕಡೆಯಿಂದ ಬಾ, ಬಚ್ಚಲಿಗೆ ಹೋಗು, ಆಮೇಲೆ ಒಳಗೆ ಕಾಲಿಡು." ಮದುವೆಯಾಗಿ ಹಾಸನಕ್ಕೆ ಬರುವವರೆಗೂ ಹಾಗೇ ನಡೆಯಿತು. ಕೇಂದ್ರದಲ್ಲಿ ನನ್ನ ಹೆಸರು ಮೊಟ್ಟೆ ಶಾರದಮ್ಮ. ಅದನ್ನು ಬೈಗುಳ ಎಂದುಕೊಂಡು ಮೊದಲು ಅಳುತ್ತಿದ್ದೆ. ಈಗ ಯಾರಾದರೂ ಬರೀ ಶಾರದಮ್ಮ ಎಂದರೆ ಯಾರನ್ನೋ ಕರೆಯುತ್ತಿದ್ದಾರೆ ಅನಿಸುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರು ಆಗಾಗ ಫೋನ್ ಮಾಡುತ್ತಾರೆ. ಮನೆಯಲ್ಲೇ ಕಾವು ಕೊಡುವ ಡಬ್ಬವಿಟ್ಟು ಮರಿ ಮಾಡಿಸುವವರು ಈ ಹೊಸಬರಿಗೆ ದೂರು ಹೇಳುತ್ತಾರೆ, ಇವರು ಅದನ್ನು ನನಗೆ ದಾಟಿಸುತ್ತಾರೆ. "ಮೇಡಂ, ಡಿಗ್ರಿ ಸರಿಯಿದೆ, ನೀರಿದೆ, ತಿರುಗಿಸಿದ್ದಾರೆ, ಆದರೂ ಮರಿಯಾಗಿಲ್ಲ. ಏನು ಹೇಳಲಿ?" ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗುವುದಕ್ಕಿಂತ ಒಂದು ಸಲ ಬರೆದಿಡೋಣ ಎಂದು ಕೂತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎಂಬ ಪುರಾಣ ನಿಮಗೆ ಬೇಡ. ನನಗೂ ಬೇಡ.

ಕೆಲಸ ಕಲಿಸಿದವರು ನಮ್ಮ ವಿಭಾಗದ ಡಾಕ್ಟರು, ಸಿದ್ದೇಗೌಡರು. ದಪ್ಪ ಮೀಸೆ, ಮೆಲ್ಲನೆಯ ಮಾತು. ಮೊದಲ ವಾರವೇ ಮರಿಯಾಗದೆ ಉಳಿದ ಒಂದು ಟ್ರೇ ಮೊಟ್ಟೆಯನ್ನು ನನ್ನ ಮುಂದಿಟ್ಟು, "ಒಡೀರಿ" ಎಂದರು. ಮೂರನೆಯದಕ್ಕೆ ಹೊರಗೆ ಓಡಿಹೋಗಿ ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಅವರು ಒಂದು ಲೋಟ ನೀರು ಹಿಡಿದುಕೊಂಡು ಬಂದರು.

"ನೋಡಿ ಶಾರದಮ್ಮ, ಹುಟ್ಟಿದ ಮರಿ ನಮ್ಗೇನೂ ಹೇಳಲ್ಲ. ಚಿಂವ್ ಚಿಂವ್ ಅನ್ಕೊಂಡು ಹೋಗ್ಬುಡ್ತದೆ. ಪಾಠ ಹೇಳೋದು ಹುಟ್ಟದೆ ಇರೋದು. ಬಾಯಿ ತೊಳ್ಕೊಂಡು ಬನ್ನಿ, ನಾಲ್ಕನೇದು ಒಡೀರಿ."

ಒಡೆದೆ. ಆಮೇಲೆ ಎಷ್ಟು ಒಡೆದೆನೋ ಲೆಕ್ಕವಿಲ್ಲ. ನಿಮಗೂ ಮೊದಲ ಮಾತು ಅದೇ: ಮರಿಯಾಗದ ಮೊಟ್ಟೆಯನ್ನು ತಿಪ್ಪೆಗೆ ಎಸೆಯುವ ಮೊದಲು ಒಡೆದು ನೋಡಿ. ಒಳಗೆ ಬರೀ ಹಳದಿ ಇದ್ದರೆ ಬಹುಮಟ್ಟಿಗೆ ಅದಕ್ಕೆ ಹುಂಜದ ಸಂಗವೇ ಆಗಿಲ್ಲ, ಡಬ್ಬವನ್ನು ಬೈಯಬೇಡಿ. ನೆತ್ತರಿನ ಒಂದು ತೆಳು ಉಂಗುರ ಕಂಡರೆ ಮೊದಲ ದಿನಗಳಲ್ಲೇ ಶಾಖ ತಪ್ಪಿದೆ, ಇಲ್ಲವೇ ಮೊಟ್ಟೆ ತುಂಬ ದಿನದ್ದು. ಮರಿ ಪೂರ್ತಿ ಬೆಳೆದು, ಒಣಗಿ, ಪೊರೆಗೆ ಅಂಟಿಕೊಂಡಿದ್ದರೆ ತೇವ ಸಾಲದು. ಊದಿಕೊಂಡು ನೀರಾಗಿದ್ದರೆ ತೇವ ಹೆಚ್ಚು. ಮೊಟ್ಟೆ ಸುಳ್ಳು ಹೇಳುವುದಿಲ್ಲ. ಹೇಳುವವರು ಸಾಕಿದವರು, ಅದೂ ಬೇಕೆಂದೇನಲ್ಲ.

ಈಗ ನನ್ನ ಮೊದಲ ದೊಡ್ಡ ತಪ್ಪು. ಆಯುಧಪೂಜೆಯ ದಿನ ನಮ್ಮ ಕೇಂದ್ರದಲ್ಲಿ ಎಲ್ಲ ಯಂತ್ರಕ್ಕೂ ಪೂಜೆ. ಅರ್ಚಕರ ಮಗಳೆಂದು ಆ ಜವಾಬ್ದಾರಿ ತಾನಾಗಿಯೇ ನನ್ನ ತಲೆಗೆ ಬಂತು, ನನಗೂ ಅದರಲ್ಲಿ ಸ್ವಲ್ಪ ಜಂಬವಿತ್ತು. ಬೀರುವಿನಷ್ಟು ಎತ್ತರದ ಇನ್‌ಕ್ಯುಬೇಟರಿಗೆ ಅರಿಸಿನ ಕುಂಕುಮ ಹಚ್ಚಿ, ಕೈತೋಳು ದಪ್ಪದ ಚೆಂಡುಹೂವಿನ ಹಾರ ಕಟ್ಟಿದೆ. ಮುಂದುಗಡೆ ಹಾಕಿದರೆ ಬಾಗಿಲು ತೆಗೆದಾಗ ಹರಿಯುತ್ತದಲ್ಲ ಎಂದು ಅದನ್ನು ಯಂತ್ರದ ನೆತ್ತಿಯ ಮೇಲೆ ಸುತ್ತುಸುತ್ತಾಗಿ ಚೆನ್ನಾಗಿ ಜೋಡಿಸಿದೆ. ಅಲ್ಲಿ ನಾಲ್ಕು ಗಾಳಿಕಿಂಡಿಗಳಿದ್ದವು. ಒಳಗೆ ಹತ್ತೊಂಬತ್ತನೆಯ ದಿನದ ಮೊಟ್ಟೆಗಳು, ಅಂದರೆ ಉಸಿರಿಗೆ ಹಾತೊರೆಯುವ ಕಾಲದವು. ಎರಡು ದಿನ ಶಾಖ ಸರಿಯಿದೆಯೇ ಎಂದು ಎಲ್ಲರೂ ನೋಡಿದರು. ತಲೆಯೆತ್ತಿ ಯಾರೂ ನೋಡಲಿಲ್ಲ.

ಇಪ್ಪತ್ತೊಂದನೆಯ ದಿನ ಕೆಳಗಿನ ಟ್ರೇಗಳಲ್ಲಿ ಅಲ್ಲೊಂದು ಇಲ್ಲೊಂದು ಚಿಪ್ಪು ಬಿರಿಯಿತು. ಉಳಿದ ನೂರಾರು ಹಾಗೇ ಇದ್ದವು. ಡಾಕ್ಟರು ಇಪ್ಪತ್ತು ಮೊಟ್ಟೆ ಒಡೆದರು. ಎಲ್ಲವೂ ತುಂಬಿದ ಮರಿ, ಕೊಕ್ಕು, ಉಗುರು, ಹಳದಿ ತುಪ್ಪುಳ, ಎಲ್ಲ ಸರಿಯಾಗಿ. ಅವರು ಸ್ಟೂಲು ಹಾಕಿಕೊಂಡು ಹತ್ತಿ, ಬಾಡಿದ ಹಾರವನ್ನು ಕೆಳಗಿಳಿಸಿದರು.

"ಸಾರ್, ನಾನೇ ಕೊಂದೆನಾ?" ಎಂದು ಕೇಳಿದೆ. ಇಲ್ಲ ಎನ್ನುತ್ತಾರೆ ಎಂಬ ಆಸೆಯಿತ್ತು.

"ಹೌದು ಶಾರದಮ್ಮ. ನೀವೇ," ಎಂದರು. ಆಮೇಲೆ ಸುತ್ತಿಗೆ ತರಿಸಿ, ಯಂತ್ರದ ಪಕ್ಕದ ಮರದ ಚೌಕಟ್ಟಿಗೆ ಒಂದು ಮೊಳೆ ಹೊಡೆದರು. "ಮುಂದಿನ ವರ್ಷನೂ ಹಾರ ಹಾಕಿ, ಬ್ಯಾಡ ಅನ್ನಲ್ಲ. ಇಲ್ಲಿ ಹಾಕಿ. ಮೂಗು ಮುಚ್ಚಬ್ಯಾಡಿ."

ಅಷ್ಟೇ. ಮೇಲಕ್ಕೆ ಬರೆದು ಕಳಿಸಬೇಕಾದ ವರದಿಯಲ್ಲಿ ‘ಗಾಳಿಯ ಕೊರತೆ, ವಿಭಾಗದ ಹೊಣೆ’ ಎಂದು ಬರೆದು ತಮ್ಮ ಸಹಿ ಹಾಕಿದರು. ಆ ದಿನ ನನಗೆ ಬೈದಿದ್ದರೆ ಒಳ್ಳೆಯದಿತ್ತು ಅನಿಸಿತ್ತು. ಬೈಗುಳವಾದರೆ ಮರೆತುಹೋಗುತ್ತಿತ್ತು. ನಾನು ನಿವೃತ್ತಳಾದ ದಿನವೂ ಆ ಮೊಳೆ ಅಲ್ಲೇ ಇತ್ತು.

ಈಗ ಕಾಲ ಬದಲಾಗಿದೆ. ನಾನು ಸೇರಿದಾಗ ಒಳಗಿನ ತೇವ ಅಳೆಯಲು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬತ್ತಿ ಸುತ್ತುತ್ತಿದ್ದೆವು. ಮೊಟ್ಟೆಯೊಳಗೆ ಜೀವವಿದೆಯೇ ಎಂದು ನೋಡಲು ರಟ್ಟಿನ ಡಬ್ಬಕ್ಕೆ ತೂತು ಮಾಡಿ ಒಳಗೆ ಬಲ್ಬು ಇಡುತ್ತಿದ್ದೆವು. ಈಗ ಮೀನಿನ ಥರ್ಮಾಕೋಲ್ ಪೆಟ್ಟಿಗೆಗೆ ಬಲ್ಬು, ಫ್ಯಾನು, ಅಂಕಿ ತೋರಿಸುವ ಒಂದು ಪುಟ್ಟ ಯಂತ್ರ ಜೋಡಿಸಿದರೆ ಇನ್‌ಕ್ಯುಬೇಟರ್ ಆಯಿತು. ಮೊಟ್ಟೆಯ ಕೆಳಗೆ ಮೊಬೈಲಿನ ಟಾರ್ಚ್ ಹಿಡಿದರೆ ನರಗಳು ಕಾಣುತ್ತವೆ. ನನಗೆ ಇದರ ಬಗ್ಗೆ ತಕರಾರಿಲ್ಲ. ಡಬ್ಬ ಒಳ್ಳೆಯದೇ. ಆದರೆ ಕೋಳಿಗೆ ಇರುವ ಬುದ್ಧಿ ಅದಕ್ಕಿಲ್ಲ, ಆ ಬುದ್ಧಿಯನ್ನು ನಾವು ತುಂಬಬೇಕು.

ಚನ್ನರಾಯಪಟ್ಟಣದ ಒಬ್ಬ ಲೆಕ್ಕದ ಮೇಷ್ಟರು ಮರಿ ಮಾಡಿಸಲು ಹೊರಟು, ಗಂಟೆಗೊಮ್ಮೆ ಮುಚ್ಚಳ ತೆಗೆದು ಮೊಟ್ಟೆ ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮರಿಗಳು ಚಿಪ್ಪಿಗೆ ತೂತು ಮಾಡಿ ಅಲ್ಲೇ ಅಂಟಿಕೊಂಡು ಸತ್ತವು. ಪುಸ್ತಕ ತೋರಿಸಿದರು, ಅಕ್ಷರ ಮುತ್ತಿನಂತಿತ್ತು.

"ಮೇಷ್ಟ್ರೇ, ಹೇಂಟೆ ಕಾವಿಗೆ ಕೂತಾಗ ಗಂಟೆಗೊಂದು ಸಲ ಎತ್ತಿ ನೋಡ್ತೀರಾ?" ಎಂದೆ.

"ಎತ್ತಿದ್ರೆ ಕುಕ್ತದಲ್ಲ ಮೇಡಂ."

"ನಿಮ್ಮ ಡಬ್ಬ ಕುಕ್ಕೋದಿಲ್ಲ. ಅದೇ ಅದರ ದೋಷ."

ಮುಚ್ಚಳ ತೆಗೆದಷ್ಟು ಸಲವೂ ತೇವ ಹಾರಿಹೋಗುತ್ತದೆ. ಕೊನೆಯ ಮೂರು ದಿನವಂತೂ ಮುಚ್ಚಳದ ಮೇಲೆ ಬೆರಳೂ ಇಡಬೇಡಿ. ಮರಿ ಒದ್ದಾಡುತ್ತಿದೆ ಎಂದು ಕರುಣೆಯಿಂದ ಚಿಪ್ಪು ಬಿಡಿಸಲೂ ಹೋಗಬೇಡಿ. ಪೊರೆಯಲ್ಲಿ ಇನ್ನೂ ನೆತ್ತರು ಹರಿಯುತ್ತಿರುತ್ತದೆ.

ಹಿರೀಸಾವೆಯ ಹೆದ್ದಾರಿಯಲ್ಲಿ ಹೋಟೆಲ್ ಇಟ್ಟಿದ್ದ ಒಬ್ಬರದು ಇನ್ನೊಂದು ಕಥೆ. ಡಬ್ಬವನ್ನು ದೋಸೆ ಕಾವಲಿಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಬೆಚ್ಚಗಿರುತ್ತದೆ, ಕರೆಂಟು ಉಳಿಯುತ್ತದೆ ಎಂಬ ಜಾಣತನ. "ಬಲ್ಬು ಹತ್ತೋದೇ ಇಲ್ಲ ಸಾ... ಅಲ್ಲ, ಮೇಡಂ. ಆದ್ರೂ ನಲವತ್ತು ತೋರಿಸ್ತದೆ," ಎಂದರು. ಡಬ್ಬಕ್ಕೆ ಬಿಸಿ ಮಾಡುವುದು ಗೊತ್ತು, ತಣ್ಣಗೆ ಮಾಡುವುದು ಗೊತ್ತಿಲ್ಲ. ಮೊಟ್ಟೆಗಳು ಒಳಗೇ ಬೆಂದಿದ್ದವು. ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಬಿಸಿಲು, ಬೆಂಕಿ, ಗಾಳಿ ಇರುವ ಕೋಣೆ ಯಾವುದೋ ಅಲ್ಲಿ ಇಡಿ ಎಂದು ಹೇಳಿ ಬಂದೆ. ಬರುವಾಗ ಎರಡು ಮಸಾಲೆದೋಸೆ ಕೊಟ್ಟರು, ಅದು ಮಾತ್ರ ಹದವಾಗಿ ಬೆಂದಿತ್ತು.

ಹೀಗೆ ಹೋದಲ್ಲೆಲ್ಲ ಗೆದ್ದು ಬರುತ್ತಿದ್ದೆ. ನಿವೃತ್ತಿಯಾದ ಮೇಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಎರಡು ಪ್ರಶ್ನೆ ಕೇಳಿ ಮೂರನೆಯದಕ್ಕೆ ಉತ್ತರ ಹೇಳಿಬಿಡುತ್ತಿದ್ದೆ. ಆ ಠೀವಿಯಲ್ಲಿದ್ದಾಗಲೇ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಿಂದ ರೂಪ ಎಂಬ ಹೆಣ್ಣುಮಗಳ ಫೋನ್ ಬಂತು.

ಅವಳ ಅತ್ತೆ ಕೆಂಪಮ್ಮ ತವರಿನಿಂದ ತಂದ ಬೋಳುಗತ್ತಿನ ಕೋಳಿಗಳ ತಳಿ ಅವರ ಮನೆಯಲ್ಲಿತ್ತು. ಕುತ್ತಿಗೆಯ ಮೇಲೆ ಒಂದು ಗರಿಯೂ ಇರದ, ನೋಡಲು ಒರಟಾದ, ಆದರೆ ಗಟ್ಟಿ ಕೋಳಿಗಳು. ಕೆಂಪಮ್ಮ ಮದುವೆಯಾಗಿ ಬಂದಾಗ ಅವರ ತಾಯಿ ಒಂದು ಬುಟ್ಟಿಯಲ್ಲಿ ಎರಡು ಹೇಂಟೆ ಒಂದು ಹುಂಜ ಇಟ್ಟು ಕಳಿಸಿದ್ದರಂತೆ. ತವರಿನಲ್ಲಿ ಈಗ ಆ ತಳಿ ಉಳಿದಿಲ್ಲ, ತಾಯಿಯೂ ಇಲ್ಲ. ಬೀದಿನಾಯಿಗಳು ಒಂದು ಮಧ್ಯಾಹ್ನ ಕೋಳಿಗೂಡಿಗೆ ನುಗ್ಗಿ ಕಚ್ಚಿಹಾಕಿದ ಮೇಲೆ ಉಳಿದದ್ದು ಎರಡು ಮುದಿ ಹೇಂಟೆ, ಒಂದು ಹುಂಜ. ಹೆದರಿದ ಹೇಂಟೆಗಳು ಮೊಟ್ಟೆಯಿಟ್ಟವೇ ಹೊರತು ಕಾವಿಗೆ ಕೂರಲಿಲ್ಲ. ಊರೆಲ್ಲ ಕೇಳಿದರೂ ಕಾವಿಗೆ ಕೂತ ಕೋಳಿ ಸಿಗಲಿಲ್ಲ. ಸಿಕ್ಕ ಒಂದೇ ಒಂದರ ಕೆಳಗೂ ಆ ಕೋಳಿಯ ಮನೆಯವರದೇ ಮೊಟ್ಟೆ ತುಂಬಿತ್ತು. ಹಾಗಾಗಿ ರೂಪ ಡಬ್ಬ ತರಿಸಿದಳು. ಮೊದಲ ಹನ್ನೆರಡು ಮೊಟ್ಟೆಯಲ್ಲಿ ಒಂದೂ ಮರಿಯಾಗಲಿಲ್ಲ.

"ನಮ್ಮತ್ತೆ ಊರ್ ತುಂಬ ಹೇಳ್ಕೊಂಡು ಬತ್ತಾವ್ರೆ ಮೇಡಂ, ಸೊಸೆ ನಮ್ಮವ್ವನ ಕೋಳಿ ಮೊಟ್ಟೆಯ ಡಬ್ಬದಲ್ಲಿ ಬೇಯಿಸ್ತವ್ಳೆ ಅಂತ," ಎಂದಳು ರೂಪ. ಹೇಳುತ್ತಲೇ ಅತ್ತಳು.

ಡಬ್ಬದ ಫೋಟೊ ಕಳಿಸು ಎಂದೆ. ಕಳಿಸಿದಳು. ನೋಡಿ, "ಡಬ್ಬ ಚೆನ್ನಾಗಿದೆ. ನಿಮ್ಮೂರಲ್ಲಿ ಕರೆಂಟು ಏರಿಳೀತಿರಬೇಕು. ಸ್ಟೆಬಿಲೈಸರ್ ಹಾಕು, ನೀರಿನ ಬಟ್ಟಲು ದೊಡ್ಡದು ಮಾಡು," ಎಂದು ಅಪ್ಪಣೆ ಕೊಡಿಸಿದೆ. ಹಾಗೇ ಮಾಡಿದಳು. ಎರಡನೆಯ ಸಲದ ಹತ್ತು ಮೊಟ್ಟೆಯೂ ಹೋಯಿತು.

ಮೂರನೆಯ ಸಲ ಫೋನ್ ಮಾಡಿದಾಗ ಅವಳು ಅಳಲಿಲ್ಲ. "ಮೇಡಂ, ಒಂಬತ್ತು ಮೊಟ್ಟೆ ಇಟ್ಟು ಐದು ದಿನ ಆಯ್ತು. ಎರಡು ಕೋಳಿನೂ ಈಗ ಮೊಟ್ಟೆ ನಿಲ್ಲಿಸ್ಬುಟ್ಟವೆ. ಇನ್ನ ಇಡ್ತವೋ ಇಲ್ವೋ ಗೊತ್ತಿಲ್ಲ. ಇವೂ ಹೋದ್ರೆ ಮುಗೀತು," ಎಂದಳು. ನಾನು ಹಳೆಯ ಪಾದರಸದ ಥರ್ಮಾಮೀಟರನ್ನು ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಹೊಸಬರೇ, ಈ ಬಸ್ಸನ್ನು ನಾನು ಮೊದಲ ಫೋನಿಗೇ ಹತ್ತಬೇಕಿತ್ತು.

ಕೆಂಪಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬನ್ನಿ ಅಮ್ಮಾರೇ. ನೀವೂ ಡಬ್ಬದ ಕಡೆಯೋರೇಯಾ?" ಎಂದರು. ನಾನು ಮೊಟ್ಟೆಯ ಕಡೆಯವಳು ಎಂದೆ.

ಎರಡನೆಯ ಸಲ ಹಾಳಾದ ಮೊಟ್ಟೆಗಳಲ್ಲಿ ನಾಲ್ಕನ್ನು ನಾನು ಹೇಳಿದ್ದಂತೆ ರೂಪ ತೆಗೆದಿಟ್ಟಿದ್ದಳು. ಹಿತ್ತಲಲ್ಲಿ ಕೂತು ಒಡೆದೆ. ವಾಸನೆ ಹೇಳುವಂತಿರಲಿಲ್ಲ. ಒಂದು ಐದಾರು ದಿನಕ್ಕೇ ನಿಂತಿತ್ತು, ಒಂದು ಹತ್ತು ದಿನದ್ದು, ಇನ್ನೆರಡು ಅದಕ್ಕೂ ಮುಂದೆ ಬೆಳೆದವು. ಒಂದೊಂದು ಒಂದೊಂದು ವಯಸ್ಸಿನಲ್ಲಿ ಸತ್ತಿದ್ದರೆ ಶಾಖ ಮೇಲೆ ಕೆಳಗೆ ಜೋಲಿ ಹೊಡೆಯುತ್ತಿದೆ ಎಂದೇ ಅರ್ಥ. ಒಳಗೆ ಬಂದು ಡಬ್ಬ ನೋಡಿದರೆ ಅಂಕಿ ಮಾತ್ರ ಮೂವತ್ತೇಳೂವರೆಯ ಆಸುಪಾಸಿನಲ್ಲಿ ಕಲ್ಲಿನಂತೆ ನಿಂತಿತ್ತು. ನನ್ನ ಥರ್ಮಾಮೀಟರನ್ನು ಮೊಟ್ಟೆಗಳ ನಡುವೆ ಇಟ್ಟು, ಗಾಜಿನ ಕಿಂಡಿಯಿಂದ ನೋಡುತ್ತಾ ಪಕ್ಕದಲ್ಲೇ ಚಾಪೆ ಹಾಕಿ ಕೂತೆ. ಬಲ್ಬು ಹತ್ತಿತು, ಆರಲೇ ಇಲ್ಲ. ಪಾದರಸ ನಲವತ್ತರ ಹತ್ತಿರ ಹೋಯಿತು. ಆಮೇಲೆ ಬಲ್ಬು ಆರಿತು, ಹತ್ತಲೇ ಇಲ್ಲ. ಪಾದರಸ ಮೂವತ್ತೈದಕ್ಕೆ ಇಳಿಯಿತು. ಅಂಕಿ ಅಲ್ಲೇ ಇತ್ತು.

ಮುಚ್ಚಳ ತೆಗೆದು, ಶಾಖ ಅಳೆಯುವ ಸೆನ್ಸರಿನ ತಂತಿಯನ್ನು ಬೆರಳಿನಿಂದ ಹಿಡಿದುಕೊಂಡು ಅದರ ತುದಿಗೆ ಹೋದೆ. ತುದಿ ಒಂದು ಕೆಂಪು ಬಟ್ಟೆಯ ಗಂಟಿನೊಳಗಿತ್ತು. ಬಿಚ್ಚಿದೆ. ಹೆಬ್ಬೆರಳು ಗಾತ್ರದ ಕುಡುಗೋಲಿನ ತುಂಡು, ಎರಡು ಇದ್ದಿಲು ಚೂರು. ಕಬ್ಬಿಣ ಬಿಸಿಯಾಗುವವರೆಗೂ ಬಲ್ಬು ಉರಿಯುತ್ತದೆ, ಅಷ್ಟರಲ್ಲಿ ಮೊಟ್ಟೆ ಕಾದುಹೋಗಿರುತ್ತದೆ. ಕಬ್ಬಿಣ ಆರುವವರೆಗೂ ಬಲ್ಬು ಹತ್ತುವುದಿಲ್ಲ, ಅಷ್ಟರಲ್ಲಿ ಮೊಟ್ಟೆ ತಣ್ಣಗಾಗಿರುತ್ತದೆ. ಯಂತ್ರ ತೋರಿಸುತ್ತಿದ್ದದ್ದು ಮೊಟ್ಟೆಯ ಶಾಖವನ್ನಲ್ಲ, ಕುಡುಗೋಲಿನ ಶಾಖವನ್ನು.

"ಇದೇನು?" ಎಂದೆ.

"ಅದಾ ಮೇಡಂ? ಗುಡುಗಿಗೆ. ನಮ್ಮತ್ತೆ ಕಟ್ಟಿದ್ದು," ಎಂದಳು ರೂಪ, ಕುಡಿಯುವ ನೀರಿನ ವಿಷಯ ಹೇಳಿದಷ್ಟು ಸಹಜವಾಗಿ.

ಅಷ್ಟರಲ್ಲಿ ಕೆಂಪಮ್ಮ ಬಾಗಿಲಿಗೆ ಬಂದಿದ್ದರು. "ಗುಡುಗಿದ್ರೆ ಮೊಟ್ಟೆ ಕೆಟ್ಟೋಯ್ತದೆ ಕಣ್ ಅಮ್ಮಾರೇ. ಕುಕ್ಕೆಗೆ ಕಬ್ಬಿಣ ಇದ್ದಿಲು ಆಕ್ದೆ ಯಾರಾದ್ರೂ ಮೊಟ್ಟೆ ಕೂರ್ಸ್ತಾರಾ? ಈ ಡಬ್ಬದಾಗೆ ಕಟ್ಟಕ್ಕೆ ಜಾಗಿಲ್ಲ, ಅಲ್ಲೊಂದು ದಾರ ನೇತಾಡ್ತಿತ್ತು, ಅದ್ಕೇ ಕಟ್ದೆ." ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಕೋಳಿ ಸಾಕಿ ಮುದುಕಿಯಾದವರು, ಹೇಳದೆಯೇ ಅರ್ಥವಾಗಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದರು: "ನಮ್ಮವ್ವನ ಕೋಳಿಯ ನನ್ ಕೈಯಾರೆ ನಾನೇ ಸಾಯಿಸ್ಬುಟ್ನಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ನನ್ನ ಕಣ್ಣಿಗೆ ಬಂದದ್ದು ಸ್ಟೂಲಿನ ಮೇಲೆ ನಿಂತು ಬಾಡಿದ ಹಾರ ಇಳಿಸುತ್ತಿದ್ದ ಸಿದ್ದೇಗೌಡರು. ಸಿಡುಕಿನಿಂದಲೇ ಮೊಬೈಲು ತೆಗೆದು, ರೂಪ ಕಳಿಸಿದ್ದ ಹಳೆಯ ಫೋಟೊವನ್ನು ಹುಡುಕಿದೆ. ಆ ಸಿಟ್ಟು ಕೆಂಪಮ್ಮನ ಮೇಲಿನದಲ್ಲ, ನನ್ನ ಮೇಲಿನದು. ಫೋಟೊದ ಮೂಲೆಯಲ್ಲಿ ಆ ಕೆಂಪು ಗಂಟು ನಿಚ್ಚಳವಾಗಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಎರಡು ತಿಂಗಳು ಅದನ್ನು ಫೋನಿನಲ್ಲಿ ಹೊತ್ತು ತಿರುಗಿದ್ದೆ. ಕೆಂಪು ಬಟ್ಟೆಯ ಗಂಟು ನಮ್ಮ ಮನೆಗಳಲ್ಲಿ ಬಾಗಿಲಿಗೆ, ತೊಟ್ಟಿಲಿಗೆ, ಗಲ್ಲಾಪೆಟ್ಟಿಗೆಗೆ, ಎಲ್ಲೆಲ್ಲೂ ಇರುತ್ತದೆ. ಕಣ್ಣು ನೋಡುತ್ತದೆ, ಬುದ್ಧಿ ನೋಡುವುದಿಲ್ಲ.

"ಹೌದು ಕೆಂಪಮ್ಮ," ಎಂದೆ. "ಮೊದಲ ಹನ್ನೆರಡು ನೀವು ಸಾಯಿಸಿದ್ದು. ಆಮೇಲಿನ ಹತ್ತು ನಾನು ಸಾಯಿಸಿದ್ದು. ನೋಡಿ ಇಲ್ಲಿ, ಗಂಟು ನನಗೆ ಕಾಣಿಸ್ತಿತ್ತು. ಏನದು ಅಂತ ಕೇಳಲಿಲ್ಲ." ಆಮೇಲೆ ಚೆಂಡುಹೂವಿನ ಹಾರದ ಕಥೆಯನ್ನು ಹೇಳಿದೆ, ಎಷ್ಟು ಮರಿ ಎಂಬುದನ್ನೂ ಬಿಡದೆ. ಅವರು ಕೆನ್ನೆಗೆ ಕೈಯಿಟ್ಟುಕೊಂಡು ಕೇಳಿದರು.

"ಅಯ್ಯೋ ನಿನ್ ಮನೆ ಕಾಯ! ಅಷ್ಟೊಂದಾ?" ಎಂದರು. ನನ್ನನ್ನು ‘ನೀನು’ ಎಂದದ್ದು ಅದೇ ಮೊದಲು.

ಬೀದಿಯಲ್ಲಿ ತಾನು ಕೇಳಿಸಿಕೊಂಡ ಮಾತುಗಳನ್ನೆಲ್ಲ ವಾಪಸ್ಸು ಕೊಡಲು ರೂಪಳಿಗೆ ಅದು ಸರಿಯಾದ ಹೊತ್ತಾಗಿತ್ತು. ನಾನಾಗಿದ್ದರೆ ಖಂಡಿತ ಕೊಡುತ್ತಿದ್ದೆ. ಅವಳು ನೆಲದ ಮೇಲಿದ್ದ ಕುಡುಗೋಲಿನ ತುಂಡು, ಇದ್ದಿಲು ಎರಡನ್ನೂ ಮತ್ತೆ ಕೆಂಪು ಬಟ್ಟೆಯಲ್ಲಿ ಕಟ್ಟಿ, ಡಬ್ಬ ಮುಚ್ಚಿ, ಗಾಳಿಯ ತೂತುಗಳನ್ನು ಬಿಟ್ಟು ಮುಚ್ಚಳದ ನಡುವೆ ಇಟ್ಟಳು. "ಇಲ್ಲಿರ್ಲಿ ಅತ್ತೆ. ಗುಡುಗು ಮ್ಯಾಲಿಂದ ತಾನೇ ಬರೋದು?" ಎಂದಳು. ನಾನು ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದ ಸಿದ್ದೇಗೌಡರ ಮೊಳೆಯ ಮಾತು ಹಾಗೇ ಉಳಿಯಿತು.

ಮೊಬೈಲ್ ಟಾರ್ಚ್ ಹಿಡಿದು ಒಂಬತ್ತನ್ನೂ ನೋಡಿದೆವು. ಎರಡರಲ್ಲಿ ನೆತ್ತರಿನ ಉಂಗುರ, ಅವು ಹೋಗಿದ್ದವು. ಏಳರಲ್ಲಿ ನರ ಚಾಚಿಕೊಂಡು, ನಡುವೆ ಕಪ್ಪು ಚುಕ್ಕೆ ಮಿಸುಕಾಡುತ್ತಿತ್ತು. ಕೆಂಪಮ್ಮ ಜೀವಮಾನದಲ್ಲಿ ಮೊಟ್ಟೆಯ ಒಳಗನ್ನು ಹಾಗೆ ನೋಡಿರಲಿಲ್ಲ. "ಇನ್ನೊಂದ್ಸಲ ಇಡ್ಕಾ," "ಇದುನ್ನ ತೋರ್ಸು," ಎಂದು ಏಳನ್ನೂ ಎರಡೆರಡು ಸಲ ನೋಡಿದರು. ಸಾಯಂಕಾಲದ ಬಸ್ಸಿಗೆ ಹೊರಡುವ ಹೊತ್ತಿಗೆ ಪಾದರಸವೂ ಅಂಕಿಯೂ ಒಂದನ್ನೊಂದು ಒಪ್ಪಿಕೊಂಡಿದ್ದವು. ಥರ್ಮಾಮೀಟರನ್ನು ಅಲ್ಲೇ ಬಿಟ್ಟು ಬಂದೆ.

ಅಂದಿನಿಂದ ನಾನು ಮೊದಲು ಕೇಳುವ ಪ್ರಶ್ನೆ ಬದಲಾಗಿದೆ. ಡಿಗ್ರಿ ಎಷ್ಟು, ನೀರು ಎಷ್ಟು ಎಂಬುದೆಲ್ಲ ಆಮೇಲೆ. "ಮನೆಯಲ್ಲಿ ಮೊಟ್ಟೆ ಕೂರಿಸುವಾಗ ಹಿರಿಯರು ಏನೇನು ಮಾಡುತ್ತಾರೆ? ಅದನ್ನೆಲ್ಲ ಈ ಡಬ್ಬಕ್ಕೂ ಮಾಡಿದ್ದೀರಾ?" ಎನ್ನುತ್ತೇನೆ. ನಗಬೇಡಿ. ಯಾರೂ ಅದನ್ನು ಬಚ್ಚಿಡುವುದಿಲ್ಲ. ಹೇಳುವಂಥ ವಿಷಯ ಎಂದು ಅವರಿಗೆ ಅನಿಸಿರುವುದಿಲ್ಲ, ಅಷ್ಟೇ. ಕೇಳುವುದು ನಿಮ್ಮ ಕೆಲಸ. ಸಿಕ್ಕಮೇಲೆ ಕಿತ್ತು ಎಸೆಯುವುದು ನಿಮ್ಮ ಕೆಲಸವಲ್ಲ. ಅದಕ್ಕೊಂದು ಮೊಳೆ ಹೊಡೆದು ಕೊಡಿ.

ನಾನು ಹಳ್ಳಿಯಿಂದ ಬಂದ ಮೇಲೆ ಎರಡು ವಾರವೂ ನಮ್ಮ ಕಡೆ ಮುಂಗಾರಿಗೆ ಮುಂಚಿನ ಗುಡುಗು. ಒಂದೊಂದು ಗುಡುಗಿಗೂ ನಾನು ಹಾಸನದಲ್ಲಿ ಕೂತು ಅರಕಲಗೂಡಿನ ಕಡೆ ಯೋಚಿಸುತ್ತಿದ್ದೆ. ನಂಬಿಕೆಯಿಲ್ಲ ನನಗೆ. ಆದರೂ ಕಿಟಕಿಗೆ ಹೋಗಿ ಮೋಡ ನೋಡಿ ಬರುತ್ತಿದ್ದೆ. ಮೊಟ್ಟೆ ಇಟ್ಟ ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಫೋನ್ ಬಂತು. ರೂಪಳ ನಂಬರು, ದನಿ ಕೆಂಪಮ್ಮನದು.

"ಮೊಟ್ಟೆ ಶಾರದಮ್ಮಾ! ಆರು ಬಂದವೆ ಕಣವ್ವಾ! ಆರೂ ಬೋಳುಗತ್ತೇಯಾ! ಏನ್ ಗುಡುಗು, ಏನ್ ಗುಡುಗು, ಕಬ್ಬಿಣ ಮ್ಯಾಲಿತ್ತು ನೋಡು, ಒಂದುಕ್ಕೂ ಏನೂ ಆಗ್ನಿಲ್ಲ."

ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದ ಮುದುಕಿ ಇವರೇ ಇರಬೇಕು. ಆದರೆ ನನಗೆ ಆ ಗಳಿಗೆಯಲ್ಲಿ ವಾದ ಬೇಕಿರಲಿಲ್ಲ. ಕಣ್ಣು ತುಂಬಿ ಬಂದಿತ್ತು. "ಹೌದು ಕೆಂಪಮ್ಮ, ಕಬ್ಬಿಣ ಇತ್ತಲ್ಲ," ಎಂದೆ. ಆಮೇಲೆ ಹಳೆಯ ಚಟ ಬಿಡದೆ ಕೇಳಿದೆ: "ಏಳನೆಯದು?"

"ಅದು ಬರ್ನಿಲ್ಲ. ಸೊಸೆ ಒಡ್ದವ್ಳೆ, ಮೂಗಿಗೆ ಸೆರಗು ಇಡ್ಕೊಂಡು ನೋಡ್ತಾವ್ಳೆ. ನಾನೂ ಪಕ್ಕದಲ್ಲೇ ಕುಂತಿವ್ನಿ." ಹಿಂದಿನಿಂದ ರೂಪ ಕೂಗಿ ಹೇಳಿದಳು: "ಮೇಡಂ, ಮರಿ ತುಂಬೈತೆ. ತಲೆ ಚೂಪು ತುದಿ ಕಡೀಕೆ ತಿರುಗ್ಬುಟ್ಟೈತೆ!"

ಮರಿಯ ತಲೆ ಮೊಟ್ಟೆಯ ದಪ್ಪ ತುದಿಯ ಕಡೆಗಿರಬೇಕು, ಗಾಳಿ ಇರುವುದು ಅಲ್ಲಿ. ಎಲ್ಲ ಸರಿಯಾಗಿ ಮಾಡಿದರೂ ಎಲ್ಲೋ ಒಂದು ಹೀಗೆ ತಿರುಗಿಕೊಳ್ಳುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎಂದು ಹೇಳಿದೆ. ಆ ಕಡೆ ಮರಿಗಳ ಚಿಂವ್ ಚಿಂವ್ ಕೇಳುತ್ತಿತ್ತು.

"ಅಂಗಾದ್ರೆ ಇದು ನಂದೂ ಅಲ್ಲ," ಎಂದರು ಕೆಂಪಮ್ಮ, "ನಿಂದೂ ಅಲ್ಲ ಕಣವ್ವಾ."